ಹೊರದೇಶದ ಖರೀದಿದಾರನೊಡನೆ ಕರಾರು: ಸಹಿಯಿಂದ ವಸೂಲಿಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಮಂಗಳೂರಿನ ಬಂದರಿನಿಂದ ಇಪ್ಪತ್ತಡಿಯ ಕಂಟೇನರೊಂದು 60 ಕಿಲೋ ತೂಕದ 320 ಚೀಲ, ಅಂದರೆ 19.2 ಟನ್ ರೋಬಸ್ಟಾ ಕಾಫಿಯನ್ನು ಹೊತ್ತು ಇಟಲಿಯ ಟ್ರಿಯೆಸ್ತೆಗೆ ಹೊರಟಿದೆ ಎಂದುಕೊಳ್ಳಿ. ಸರಕು ತಲುಪಿದ ಮೂರನೇ ವಾರ ಖರೀದಿದಾರನಿಂದ ಎರಡೇ ಸಾಲಿನ ಇಮೇಲ್ ಬರುತ್ತದೆ: ತೇವಾಂಶ ಹೆಚ್ಚಿದೆ, ಬಿಲ್ಲಿನಲ್ಲಿ ಶೇ. 18ರಷ್ಟು ಹಿಡಿದುಕೊಂಡು ಉಳಿದದ್ದನ್ನು ಕಳಿಸುತ್ತೇವೆ. ಚಿಕ್ಕಮಗಳೂರಿನ ರಫ್ತುದಾರರು ಆಗ ಬೀರುವಿನಿಂದ ಕರಾರನ್ನು ತೆಗೆದು ಕೊನೆಯ ಪುಟವನ್ನು ಮೊದಲ ಸಲ ಗಮನವಿಟ್ಟು ಓದುತ್ತಾರೆ. ವ್ಯಾಜ್ಯ ಎಲ್ಲಿ, ಯಾವ ಕಾನೂನಿನಡಿ, ಯಾರ ಮುಂದೆ ತೀರ್ಮಾನವಾಗಬೇಕು ಎಂಬ ಷರತ್ತು ಇರುವುದು ಆ ಪುಟದಲ್ಲಿ. ಬೆಲೆ, ದರ್ಜೆ, ಹಡಗಿನ ದಿನಾಂಕಗಳೆಲ್ಲ ಇತ್ಯರ್ಥವಾದ ಮೇಲೆ, ಎಲ್ಲರಿಗೂ ನಿದ್ದೆ ಬರುವ ಹೊತ್ತಿಗೆ, ಹಳೆಯ ಯಾವುದೋ ಕರಾರಿನಿಂದ ಎತ್ತಿ ಅಂಟಿಸಿದ ಷರತ್ತು ಅದಾಗಿರುತ್ತದೆ.

ಈ ಮಾರ್ಗದರ್ಶಿ ಕರ್ನಾಟಕದಿಂದ ಕಾಫಿ, ಗೋಡಂಬಿ, ಗ್ರಾನೈಟ್, ರೇಷ್ಮೆ, ಯಂತ್ರದ ಬಿಡಿಭಾಗ ಅಥವಾ ಸಾಫ್ಟ್‌ವೇರ್ ಸೇವೆಯನ್ನು ಹೊರದೇಶಕ್ಕೆ ಮಾರುವ ಸಣ್ಣ ಮತ್ತು ಮಧ್ಯಮ ಗಾತ್ರದ ಸಂಸ್ಥೆಗಳಿಗೆ. ಇದರ ಕ್ರಮ ಮಾಮೂಲಿಗಿಂತ ತುಸು ಬೇರೆ. ಸಾಮಾನ್ಯವಾಗಿ ನಾವು ‘ತಕರಾರು ಬಂದರೆ ಎಲ್ಲಿ ಕೇಸು ಹಾಕುವುದು?’ ಎಂದು ಕೇಳುತ್ತೇವೆ. ಅದಕ್ಕೂ ಮೊದಲು ಕೇಳಬೇಕಾದದ್ದು, ‘ಗೆದ್ದ ಮೇಲೆ ಹಣ ಎಲ್ಲಿಂದ ಕೈಗೆ ಬರುತ್ತದೆ?’ ಎಂದು. ಕರಾರಿನ ಉಳಿದ ಷರತ್ತುಗಳನ್ನೆಲ್ಲ ಈ ಪ್ರಶ್ನೆಗೆ ಸಿಗುವ ಉತ್ತರದಿಂದ ಹಿಮ್ಮುಖವಾಗಿ ಕಟ್ಟಿಕೊಂಡು ಬರಬೇಕು.

ಪದದ ಬಗ್ಗೆ ಒಂದು ಮಾತು. ಕನ್ನಡದ ಪತ್ರಿಕೆಗಳಲ್ಲೂ ಕಚೇರಿಗಳಲ್ಲೂ ‘ಮಧ್ಯಸ್ಥಿಕೆ’ ಎಂಬ ಒಂದೇ ಪದ ಎರಡು ಬೇರೆ ಬೇರೆ ವ್ಯವಸ್ಥೆಗಳಿಗೆ ಬಳಕೆಯಲ್ಲಿದೆ. ಒಂದರಲ್ಲಿ ಮೂರನೆಯ ವ್ಯಕ್ತಿ ಇಬ್ಬರನ್ನೂ ರಾಜಿಗೆ ತರಲು ಯತ್ನಿಸುತ್ತಾನೆ, ತೀರ್ಪು ಕೊಡುವುದಿಲ್ಲ. ಇನ್ನೊಂದರಲ್ಲಿ ಆತ ಸಾಕ್ಷ್ಯ ನೋಡಿ, ವಾದ ಕೇಳಿ, ಇಬ್ಬರೂ ಪಾಲಿಸಲೇಬೇಕಾದ ಐತೀರ್ಪು ಕೊಡುತ್ತಾನೆ. ಗೊಂದಲವಾಗದಿರಲೆಂದು ಮೊದಲನೆಯದನ್ನು ಮೀಡಿಯೇಷನ್ ಎಂದೂ ಎರಡನೆಯದನ್ನು ಆರ್ಬಿಟ್ರೇಷನ್ ಎಂದೂ ಇಲ್ಲಿ ಕರೆದಿದ್ದೇನೆ.

ಹಂತ 1: ಸಹಿ ಹಾಕುತ್ತಿರುವವರು ಯಾರು, ಅವರ ಆಸ್ತಿ ಎಲ್ಲಿದೆ?

ಮಾತುಕತೆ ನಡೆಸಿದ್ದು ಲಂಡನ್ನಿನ ಹೆಸರಾಂತ ಕಂಪನಿಯ ಮ್ಯಾನೇಜರ್, ಪರ್ಚೇಸ್ ಆರ್ಡರ್ ಬಂದಿದ್ದು ಅದೇ ಸಮೂಹದ ದುಬೈ ಶಾಖೆಯಿಂದ, ಹಣ ಬರುವುದು ಮೂರನೆಯ ಇನ್ನೊಂದು ಕಂಪನಿಯ ಖಾತೆಯಿಂದ. ಇಂಥ ಫೈಲುಗಳು ಅಪರೂಪವೇನಲ್ಲ. ಕಾನೂನಿನ ಕಣ್ಣಿಗೆ ನಿಮ್ಮ ಎದುರು ಪಕ್ಷ ಸಹಿ ಹಾಕಿದ ಕಂಪನಿ ಮಾತ್ರ. ಅದರ ಬಳಿ ಒಂದು ಬಾಡಿಗೆ ಮೇಜು, ಒಂದು ಲೈಸೆನ್ಸು ಬಿಟ್ಟು ಬೇರೇನೂ ಇಲ್ಲದಿದ್ದರೆ ಮಾತೃಸಂಸ್ಥೆಯ ಶ್ರೀಮಂತಿಕೆಯಿಂದ ನಿಮಗೆ ಪ್ರಯೋಜನವಿಲ್ಲ.

ಆದ್ದರಿಂದ ಮೊದಲು ಆ ಕಂಪನಿಯ ನೋಂದಣಿ ದಾಖಲೆ ತರಿಸಿಕೊಳ್ಳಿ. ಬ್ರಿಟನ್ನಿನ ಕಂಪನೀಸ್ ಹೌಸ್ ಜಾಲತಾಣದಲ್ಲಿ ಕಂಪನಿಯ ನಿರ್ದೇಶಕರ ಹೆಸರು, ಸಲ್ಲಿಸಿದ ಲೆಕ್ಕಪತ್ರ, ಆಸ್ತಿಯ ಮೇಲಿನ ಸಾಲದ ಹೊರೆ ಎಲ್ಲವೂ ಉಚಿತವಾಗಿ ಸಿಗುತ್ತವೆ. ಸಿಂಗಪುರದಲ್ಲಿ ಸಣ್ಣ ಶುಲ್ಕ ಕಟ್ಟಿದರೆ ಇಂಥದೇ ವಿವರ ದೊರೆಯುತ್ತದೆ. ಸಹಿ ಹಾಕುವ ವ್ಯಕ್ತಿಗೆ ಕಂಪನಿಯನ್ನು ಬದ್ಧಗೊಳಿಸುವ ಅಧಿಕಾರವಿದೆ ಎಂಬುದಕ್ಕೆ ಆಡಳಿತ ಮಂಡಳಿಯ ನಿರ್ಣಯವನ್ನೋ ಅಧಿಕಾರ ಪತ್ರವನ್ನೋ ಕೇಳಿ. ಇಂಥದ್ದನ್ನು ಕೇಳಿದರೆ ಮರ್ಯಾದೆಗೆ ಕುಂದು ಎಂಬ ಸಂಕೋಚ ನಮ್ಮವರಲ್ಲಿ ವಿಪರೀತ. ಖರೀದಿದಾರ ಬರಿಯ ಹೆಸರಿನ ಕಂಪನಿ ಎಂದು ಕಂಡರೆ ಮಾತೃಸಂಸ್ಥೆಯ ಗ್ಯಾರಂಟಿ ಪತ್ರ ಪಡೆಯಿರಿ, ಮತ್ತು ಆ ಗ್ಯಾರಂಟಿಯಲ್ಲೂ ಮೂಲ ಕರಾರಿನ ವ್ಯಾಜ್ಯದ ಷರತ್ತೇ ಇರುವಂತೆ ನೋಡಿಕೊಳ್ಳಿ. ಎರಡರಲ್ಲಿ ಎರಡು ಬಗೆಯ ಷರತ್ತುಗಳಿದ್ದರೆ ಒಂದೇ ಜಗಳವನ್ನು ಎರಡು ಊರಿನಲ್ಲಿ ಆಡಬೇಕಾಗುತ್ತದೆ.

ಹಂತ 2: ಡಿಕ್ರಿಯೋ ಐತೀರ್ಪೋ?

ಬೆಂಗಳೂರಿನ ವಾಣಿಜ್ಯ ನ್ಯಾಯಾಲಯದಲ್ಲಿ ದಾವೆ ಹೂಡಿ ಗೆದ್ದಿರಿ ಎನ್ನೋಣ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಮೌಲ್ಯಮಿತಿಯನ್ನು 2018ರಲ್ಲಿ ಒಂದು ಕೋಟಿಯಿಂದ ಮೂರು ಲಕ್ಷ ರೂಪಾಯಿಗೆ ಇಳಿಸಿದ್ದರಿಂದ ಬಹುತೇಕ ರಫ್ತು ವ್ಯಾಜ್ಯಗಳು ಇಲ್ಲಿಗೆ ಬರುತ್ತವೆ. ಆದರೆ ನಿಮ್ಮ ಕೈಯಲ್ಲಿರುವುದು ಭಾರತದ ಡಿಕ್ರಿ, ಖರೀದಿದಾರನ ಗೋದಾಮಿರುವುದು ಟ್ರಿಯೆಸ್ತೆಯಲ್ಲಿ. ಡಿಕ್ರಿಯನ್ನು ಪರಸ್ಪರ ಜಾರಿ ಮಾಡುವ ಏರ್ಪಾಡು ಭಾರತಕ್ಕೆ ಬ್ರಿಟನ್, ಸಿಂಗಪುರ, ಮಲೇಷ್ಯಾ, ನ್ಯೂಜಿಲೆಂಡ್, ಹಾಂಗ್‌ಕಾಂಗ್‌ನಂಥ ಕೆಲವೇ ಪ್ರದೇಶಗಳೊಡನೆ ಇದೆ. 2020ರ ಜನವರಿಯಲ್ಲಿ ಸಂಯುಕ್ತ ಅರಬ್ ಸಂಸ್ಥಾನವೂ ಈ ಪಟ್ಟಿಗೆ ಸೇರಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಆ ದೇಶಗಳ ಉನ್ನತ ನ್ಯಾಯಾಲಯಗಳ ಹಣದ ಡಿಕ್ರಿಗಳು ಇಲ್ಲಿ ನೇರವಾಗಿ ಅಮಲ್ಜಾರಿಗೆ ಬರುತ್ತವೆ. ಅಮೆರಿಕ, ಜರ್ಮನಿ, ಇಟಲಿ ಪಟ್ಟಿಯಲ್ಲಿಲ್ಲ. ಅಮೆರಿಕದ ನ್ಯಾಯಾಲಯದ ತೀರ್ಪನ್ನು ಇಲ್ಲಿ ಜಾರಿ ಮಾಡಬೇಕೆಂದರೆ ಅದರ ಆಧಾರದ ಮೇಲೆ ಮೂರು ವರ್ಷದೊಳಗೆ ಹೊಸದಾಗಿ ದಾವೆ ಹೂಡಬೇಕು. ನಮ್ಮ ಡಿಕ್ರಿಯನ್ನು ಅಲ್ಲಿಗೆ ಒಯ್ದರೂ ಅಲ್ಲಿನ ನ್ಯಾಯಾಲಯದ ಮುಂದೆ ಹೊಸದಾಗಿ ಅರ್ಜಿ ಹಾಕದೆ ಗತಿಯಿಲ್ಲ.

ಐತೀರ್ಪಿನ ದಾರಿ ಬೇರೆ. 1958ರ ನ್ಯೂಯಾರ್ಕ್ ಒಡಂಬಡಿಕೆಯಲ್ಲಿ ಇಂದು 170ಕ್ಕೂ ಹೆಚ್ಚು ದೇಶಗಳಿವೆ. ಭಾರತ 1960ರಲ್ಲಿ ಇದನ್ನು ಅನುಮೋದಿಸಿತು. ಈ ದೇಶಗಳ ನ್ಯಾಯಾಲಯಗಳು ಹೊರಗಿನ ಐತೀರ್ಪನ್ನು ಕೆಲವೇ ಕಾರಣಗಳಿಗಾಗಿ ಮಾತ್ರ ನಿರಾಕರಿಸಬಹುದು. ವ್ಯಾಜ್ಯದ ಗುಣಾವಗುಣಗಳನ್ನು ಮತ್ತೆ ಕೆದಕುವಂತಿಲ್ಲ. ಹೊರದೇಶದ ವ್ಯಾಪಾರದಲ್ಲಿ ಆರ್ಬಿಟ್ರೇಷನ್ ಇಷ್ಟು ಬೇರೂರಿರುವುದಕ್ಕೆ ಮುಖ್ಯ ಕಾರಣ ಇದೇ. ಅದು ಅಗ್ಗ, ಬೇಗ ಮುಗಿಯುತ್ತದೆ ಎಂಬ ಪ್ರಚಾರದ ಮಾತುಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಇಲ್ಲೊಂದು ಹಳ್ಳವಿದೆ. ಒಡಂಬಡಿಕೆಗೆ ಸೇರಿದ ದೇಶ ಎಂದ ಮಾತ್ರಕ್ಕೆ ಅಲ್ಲಿನ ಐತೀರ್ಪು ಭಾರತದಲ್ಲಿ ಜಾರಿಯಾಗುವುದಿಲ್ಲ. ಕೇಂದ್ರ ಸರ್ಕಾರ ಆ ದೇಶವನ್ನು ಗೆಜೆಟ್‌ನಲ್ಲಿ ಅಧಿಸೂಚಿಸಿರಬೇಕು. ಹಾಗೆ ಅಧಿಸೂಚಿತವಾದವು ಸುಮಾರು ಐವತ್ತು ಮಾತ್ರ. ನೀವು ಆಮದುದಾರರಾಗಿದ್ದು, ಎದುರು ಪಕ್ಷದ ಆಸ್ತಿ ಭಾರತದಲ್ಲೇ ಇದ್ದು, ಹೊರದೇಶದಲ್ಲಿ ಆರ್ಬಿಟ್ರೇಷನ್ ನಡೆಸಲು ಒಪ್ಪುತ್ತಿದ್ದರೆ ಆ ದೇಶ ಈ ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಿ. ಸಿಂಗಪುರ, ಬ್ರಿಟನ್, ಫ್ರಾನ್ಸ್, ಜರ್ಮನಿ, ಅಮೆರಿಕ ಇವೆಲ್ಲ ಇದರಲ್ಲಿವೆ.

ಹಂತ 3: ಜಗಳವೇ ಬಾರದಂತೆ ಹಣದ ದಾರಿ ಕಟ್ಟಿಕೊಳ್ಳಿ

ಪಾವತಿಯ ಷರತ್ತು ಗಟ್ಟಿಯಿದ್ದರೆ ವ್ಯಾಜ್ಯದ ಷರತ್ತು ಬಳಕೆಗೆ ಬರುವುದೇ ಅಪರೂಪ. ಎಲ್‌ಸಿಯಲ್ಲಿ, ಅಂದರೆ ದಾಖಲೆ ಸರಿಯಿದ್ದರೆ ಹಣ ಕೊಡುತ್ತೇನೆಂದು ಖರೀದಿದಾರನ ಬ್ಯಾಂಕು ಬರೆದುಕೊಡುವ ಲೆಟರ್ ಆಫ್ ಕ್ರೆಡಿಟ್‌ನಲ್ಲಿ, ಬ್ಯಾಂಕು ದಾಖಲೆಗಳನ್ನಷ್ಟೇ ನೋಡುತ್ತದೆ, ಸರಕನ್ನಲ್ಲ. 2007ರಿಂದ ಚಾಲ್ತಿಯಲ್ಲಿರುವ ಯುಸಿಪಿ 600 ಎಂಬ ಅಂತಾರಾಷ್ಟ್ರೀಯ ಬ್ಯಾಂಕಿಂಗ್ ನಿಯಮಗಳ ಪ್ರಕಾರ ದಾಖಲೆ ಪರಿಶೀಲನೆಗೆ ಬ್ಯಾಂಕಿಗೆ ಇರುವುದು ಐದು ಬ್ಯಾಂಕಿಂಗ್ ದಿನ. ಹೀಗಾಗಿ ಇನ್ವಾಯ್ಸ್, ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡುವ ಸರಕಿನ ರಸೀದಿ), ಮೂಲದೇಶದ ಪ್ರಮಾಣಪತ್ರಗಳಲ್ಲಿ ಸರಕಿನ ವಿವರಣೆ, ದಿನಾಂಕ, ಬಂದರಿನ ಹೆಸರು ಒಂದಕ್ಕೊಂದು ತಾಳೆಯಾಗಬೇಕು. ದಾಖಲೆ ಬ್ಯಾಂಕಿಗೆ ಹೋಗುವ ಮುನ್ನ ಅದನ್ನು ಕಚೇರಿಯಲ್ಲಿ ತಯಾರಿಸಿದವರಲ್ಲದೆ ಬೇರೊಬ್ಬರು ಎಲ್‌ಸಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ ನೋಡಲಿ.

ಎಲ್‌ಸಿಗೆ ಖರೀದಿದಾರ ಒಪ್ಪದಿದ್ದರೆ, ದಾಖಲೆ ಕೊಡುವಾಗಲೇ ಹಣ ಎಂಬ ಡಿಪಿ ವ್ಯವಸ್ಥೆ ಇದೆ. ಹುಂಡಿಗೆ ಒಪ್ಪಿಗೆ ಹಾಕಿಸಿಕೊಂಡು ದಾಖಲೆ ಬಿಟ್ಟುಕೊಡುವ ಡಿಎ ವ್ಯವಸ್ಥೆಯಲ್ಲಿ ಸರಕು ಹೋಗಿರುತ್ತದೆ, ಉಳಿಯುವುದು ಭರವಸೆ ಮಾತ್ರ. ಅಂಥಲ್ಲಿ 1957ರಿಂದ ಇರುವ ಸರ್ಕಾರಿ ರಫ್ತು ವಿಮಾ ಸಂಸ್ಥೆ ಇಸಿಜಿಸಿಯ ಸಾಲವಿಮೆ ಪಡೆದುಕೊಳ್ಳಿ. ಒಂದು ಎಚ್ಚರಿಕೆ: ಖರೀದಿದಾರ ಗುಣಮಟ್ಟದ ತಕರಾರು ತೆಗೆದರೆ ಮೊದಲು ಆ ತಕರಾರನ್ನು ಇತ್ಯರ್ಥ ಮಾಡಿಸಿಕೊಂಡು ಬನ್ನಿ ಎಂದು ವಿಮಾ ಸಂಸ್ಥೆ ಹೇಳುವ ಸಂದರ್ಭಗಳಿವೆ. ವಿಮೆ ಮಾಡಿಸಿದ್ದೇವೆಂದು ವ್ಯಾಜ್ಯದ ಷರತ್ತನ್ನು ಕಡೆಗಣಿಸಬಾರದು.

ಗುಣಮಟ್ಟವನ್ನು ಎಲ್ಲಿ, ಯಾರು, ಯಾವ ವಿಧಾನದಲ್ಲಿ ಅಳೆಯುತ್ತಾರೆ ಎಂಬುದು ಕರಾರಿನಲ್ಲಿ ಅಂಕಿಗಳಲ್ಲಿ ಇರಲಿ. ನಮ್ಮ ಕಾಫಿಯ ಉದಾಹರಣೆಯಲ್ಲಿ ‘ಉತ್ತಮ ದರ್ಜೆಯ, ಚೆನ್ನಾಗಿ ಒಣಗಿದ’ ಎಂಬ ಮಾತು ಕೆಲಸಕ್ಕೆ ಬಾರದು. ತೇವಾಂಶದ ಗರಿಷ್ಠ ಪ್ರಮಾಣ, ಹಡಗಿಗೇರುವ ಮುನ್ನ ಸ್ವತಂತ್ರ ತಪಾಸಣಾ ಸಂಸ್ಥೆಯ ಪ್ರಮಾಣಪತ್ರ, ಮೊಹರು ಮಾಡಿದ ಮಾದರಿ ಇಬ್ಬರ ಬಳಿಯೂ ಇರುವುದು, ಸರಕು ತಲುಪಿದ ಎಷ್ಟು ದಿನದೊಳಗೆ ತಕರಾರು ತಿಳಿಸಬೇಕು, ತಿಳಿಸದಿದ್ದರೆ ಹಕ್ಕು ಹೋಗುತ್ತದೆ ಎಂಬುದು, ಇವಿಷ್ಟೂ ಬರೆದಿರಬೇಕು. ಯುರೋಪಿನ ಕಾಫಿ ವಹಿವಾಟಿನಲ್ಲಿ ಚಾಲ್ತಿಯಲ್ಲಿರುವ ಸಿದ್ಧ ಕರಾರು ನಮೂನೆಯಲ್ಲಿ ಗುಣಮಟ್ಟದ ತಕರಾರಿಗೂ ಇತರ ತಕರಾರಿಗೂ ಪ್ರತ್ಯೇಕ ಕಾಲಮಿತಿಗಳಿವೆ, ಆರ್ಬಿಟ್ರೇಷನ್ ಕೂಡ ಅದರೊಳಗೇ ಇದೆ. ದಲ್ಲಾಳಿಯ ಒಂದು ಪುಟದ ದೃಢೀಕರಣದಲ್ಲಿ ಆ ನಮೂನೆಯ ಹೆಸರು ಒಂದು ಸಾಲಿನಲ್ಲಿ ಬಂದಿದ್ದರೂ ನೀವು ಅದರ ಎಲ್ಲ ಷರತ್ತುಗಳಿಗೆ ಒಪ್ಪಿದಂತಾಗಬಹುದು. ಆ ನಮೂನೆಯನ್ನು ತರಿಸಿ ಓದಿ.

ಸಾಗಣೆಯ ಖರ್ಚು, ಅಪಾಯ ಯಾವ ಹಂತದವರೆಗೆ ಯಾರದು ಎಂದು ಸೂಚಿಸಲು ಇನ್‌ಕೋಟರ್ಮ್ಸ್ 2020 ಎಂಬ ಅಂತಾರಾಷ್ಟ್ರೀಯ ನಿಯಮಾವಳಿಯ ಹನ್ನೊಂದು ಪದಗಳಿವೆ. ಕಂಟೇನರ್ ಸರಕಿಗೂ ನಮ್ಮವರು ಅಭ್ಯಾಸಬಲದಿಂದ ಎಫ್‌ಒಬಿ ಎಂದೇ ಬರೆಯುತ್ತಾರೆ. ಸರಕು ನಿಮ್ಮ ಕೈಬಿಟ್ಟು ಕಂಟೇನರ್ ಯಾರ್ಡಿಗೆ ಸೇರಿದ ಮೇಲೂ ಹಡಗಿಗೆ ಏರುವ ತನಕ ಅಪಾಯ ನಿಮ್ಮದೇ ಎಂದು ಅದರರ್ಥ. ಅಂಥ ಸರಕಿಗೆ, ಸಾಗಣೆದಾರನ ಕೈಗೆ ಒಪ್ಪಿಸಿದೊಡನೆ ಅಪಾಯ ಖರೀದಿದಾರನಿಗೆ ದಾಟುವ ಎಫ್‌ಸಿಎ ತಕ್ಕದ್ದು.

ಹಂತ 4: ಯಾವ ದೇಶದ ಕಾನೂನು?

ಕರಾರಿನ ಅರ್ಥವನ್ನು, ನಷ್ಟದ ಲೆಕ್ಕವನ್ನು, ಬಾಕಿಯ ಕಾಲಮಿತಿಯನ್ನು ತೀರ್ಮಾನಿಸುವುದು ಆಯ್ದ ಕಾನೂನು. ಭಾರತದ ಕಾನೂನು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಇಂಗ್ಲೆಂಡಿನ ಅಥವಾ ಸಿಂಗಪುರದ ಕಾನೂನು ನಮ್ಮ ವಕೀಲರಿಗೂ ಅಷ್ಟೇನೂ ಅಪರಿಚಿತವಲ್ಲ. ‘ಅಂತಾರಾಷ್ಟ್ರೀಯ ವಾಣಿಜ್ಯದ ನ್ಯಾಯಯುತ ತತ್ವಗಳು’ ಎಂಬಂಥ ಸಾಲುಗಳನ್ನು ಮಾತ್ರ ಒಪ್ಪಬೇಡಿ.

ಜರ್ಮನಿಯ ಅಥವಾ ಇಟಲಿಯ ಕಾನೂನನ್ನು ಒಪ್ಪಿದವರು ಒಂದು ವಿಷಯ ಗಮನಿಸಬೇಕು. ಸರಕು ಮಾರಾಟದ ಕುರಿತ 1980ರ ವಿಯೆನ್ನಾ ಒಡಂಬಡಿಕೆಗೆ ಭಾರತ ಸೇರಿಲ್ಲ, ಬ್ರಿಟನ್ನೂ ಸೇರಿಲ್ಲ. ಆದರೆ ಜರ್ಮನಿ, ಇಟಲಿ, ಅಮೆರಿಕ, ಚೀನಾ, ಜಪಾನ್ ಸೇರಿವೆ. ‘ಜರ್ಮನಿಯ ಕಾನೂನು ಅನ್ವಯ’ ಎಂದಷ್ಟೇ ಬರೆದರೆ ಅದರ ಜೊತೆಗೇ ಆ ಒಡಂಬಡಿಕೆಯೂ ಒಳಬರುತ್ತದೆ, ಏಕೆಂದರೆ ಅದು ಆ ದೇಶದ ಕಾನೂನಿನ ಭಾಗ. ಅದು ಕೆಟ್ಟದ್ದೇನಲ್ಲ, ಮಾರಾಟಗಾರನಿಗೆ ದೋಷ ಸರಿಪಡಿಸುವ ಅವಕಾಶ ಕೊಡುವ ನಿಯಮಗಳೂ ಅದರಲ್ಲಿವೆ. ಬೇಕಿದ್ದರೆ ಬೇಕೆಂದು, ಬೇಡದಿದ್ದರೆ ಬೇಡವೆಂದು ಸ್ಪಷ್ಟವಾಗಿ ಬರೆಯಿರಿ.

ಹಂತ 5: ಆರ್ಬಿಟ್ರೇಷನ್ ಷರತ್ತು

ಇಡೀ ಕರಾರಿನಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಸಾಲುಗಳು ಇವು. ಒಂದು ಪದ ಏನು ಮಾಡಬಲ್ಲದು ಎಂಬುದಕ್ಕೆ ಬೆಂಗಳೂರಿನದೇ ಉದಾಹರಣೆ ಇದೆ. ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಮತ್ತು ಬೆಂಗಳೂರಿನ ದೇವಾಸ್ ಮಲ್ಟಿಮೀಡಿಯಾ 2005ರ ಜನವರಿಯಲ್ಲಿ ಉಪಗ್ರಹ ತರಂಗಾಂತರದ ಒಪ್ಪಂದಕ್ಕೆ ಸಹಿ ಹಾಕಿದವು. ಆರ್ಬಿಟ್ರೇಷನ್ ಪ್ಯಾರಿಸ್ಸಿನ ಅಂತಾರಾಷ್ಟ್ರೀಯ ವಾಣಿಜ್ಯ ಮಂಡಳಿ ಐಸಿಸಿಯ ‘ಅಥವಾ’ ವಿಶ್ವಸಂಸ್ಥೆಯ ವಾಣಿಜ್ಯ ಕಾನೂನು ಆಯೋಗ ಅನ್‌ಸಿಟ್ರಾಲ್‌ನ ನಿಯಮಗಳಂತೆ ನಡೆಯಬೇಕು ಎಂದು ಅದರಲ್ಲಿತ್ತು. 2011ರಲ್ಲಿ ಒಪ್ಪಂದ ರದ್ದಾದಾಗ ದೇವಾಸ್ ಐಸಿಸಿಯ ಮೊರೆ ಹೋಯಿತು. ಆಂಟ್ರಿಕ್ಸ್ ಅನ್‌ಸಿಟ್ರಾಲ್ ನಿಯಮದಂತೆ ತನ್ನದೇ ಆರ್ಬಿಟ್ರೇಟರನ್ನು ನೇಮಿಸಿ ಕೋರ್ಟು ಹತ್ತಿತು. ಐಸಿಸಿ ಟ್ರಿಬ್ಯುನಲ್ ಆಗಲೇ ರಚನೆಯಾಗಿರುವುದರಿಂದ ಇನ್ನೊಂದನ್ನು ರಚಿಸಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2013ರ ಮೇ ತಿಂಗಳಲ್ಲಿ. ಯಾರ ಮುಂದೆ ವಾದಿಸಬೇಕು ಎಂಬ ಪ್ರಶ್ನೆಯಲ್ಲೇ ಎರಡು ವರ್ಷ ಕಳೆಯಿತು. 2015ರಲ್ಲಿ ದೇವಾಸ್ ಪರವಾಗಿ 56.25 ಕೋಟಿ ಡಾಲರಿನ ಐತೀರ್ಪು ಬಂತು. ಅದನ್ನು ಪ್ರಶ್ನಿಸುವುದು ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಎಂಬುದು ಮುಂದಿನ ಜಗಳವಾಯಿತು. ದೇವಾಸ್ ಕಂಪನಿಯನ್ನು ಕಟ್ಟಿದ್ದೇ ವಂಚನೆಗಾಗಿ ಎಂಬ ಕಾರಣಕ್ಕೆ ಅದರ ಸಮಾಪನೆಯನ್ನು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದೇ ಆಗಸ್ಟಿನಲ್ಲಿ ದಿಲ್ಲಿ ಹೈಕೋರ್ಟು ಐತೀರ್ಪನ್ನು ರದ್ದುಗೊಳಿಸಿತು. ಆ ಪ್ರಕರಣದ ಒಳ್ಳೆಯದು ಕೆಟ್ಟದ್ದರ ಬಗ್ಗೆ ಇಲ್ಲಿ ಚರ್ಚೆ ಬೇಡ. ಷರತ್ತಿನಲ್ಲಿ ‘ಅಥವಾ’ ಎಂದು ಬರೆಯಬಾರದು ಎಂಬುದಷ್ಟು ನಮಗೆ ಸಾಕು.

ಎರಡನೆಯ ಅಪಾಯ ಸೀಟ್ ಮತ್ತು ವೆನ್ಯೂ ಎಂಬ ಪದಗಳದ್ದು. ಸೀಟ್ ಎಂದರೆ ಆರ್ಬಿಟ್ರೇಷನ್ನಿನ ಕಾನೂನಿನ ನೆಲೆ: ಐತೀರ್ಪನ್ನು ರದ್ದುಮಾಡುವ ಅಧಿಕಾರ ಆ ಊರಿನ ನ್ಯಾಯಾಲಯಗಳಿಗೆ ಮಾತ್ರ. ವೆನ್ಯೂ ಎಂದರೆ ಕುರ್ಚಿ ಮೇಜು ಹಾಕಿಕೊಂಡು ಕೂರುವ ಜಾಗ. ಎನರ್ಕಾನ್ ಪ್ರಕರಣದ ಕರಾರಿನಲ್ಲಿ ‘ವೆನ್ಯೂ ಲಂಡನ್’ ಎಂದಿತ್ತು, ಅದರೊಟ್ಟಿಗೆ ಭಾರತದ 1996ರ ಆರ್ಬಿಟ್ರೇಷನ್ ಕಾಯ್ದೆಯ ಉಲ್ಲೇಖವೂ ಇತ್ತು. ಸೀಟ್ ಭಾರತವೇ, ಲಂಡನ್ ಕೂರುವ ಜಾಗವಷ್ಟೇ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪಿತ್ತಿತು. ಮೂರನೆಯ ಆರ್ಬಿಟ್ರೇಟರನ್ನು ಯಾರು ಆರಿಸಬೇಕು ಎಂಬ ಸಾಲೂ ಆ ಷರತ್ತಿನಲ್ಲಿ ಬಿಟ್ಟುಹೋಗಿದ್ದು, ಅದನ್ನು ನ್ಯಾಯಾಲಯವೇ ತುಂಬಿಕೊಳ್ಳಬೇಕಾಯಿತು. ಆದ್ದರಿಂದ ‘ಆರ್ಬಿಟ್ರೇಷನ್ನಿನ ಸೀಟ್ ಸಿಂಗಪುರ’ ಎಂದು ಆ ಪದವನ್ನೇ ಬಳಸಿ ಬರೆಯಿರಿ. ಸಭೆಗಳನ್ನು ಬೆಂಗಳೂರಿನಲ್ಲೋ ವಿಡಿಯೊ ಮೂಲಕವೋ ನಡೆಸಲು ಅದರಿಂದ ಅಡ್ಡಿಯಿಲ್ಲ.

ಯಾವ ಊರನ್ನು ಸೀಟ್ ಮಾಡಬೇಕು? 2012ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಬಾಲ್ಕೋ ಪ್ರಕರಣದಲ್ಲಿ, ಸೀಟ್ ಹೊರದೇಶದಲ್ಲಿದ್ದರೆ ಭಾರತದ ಕಾಯ್ದೆಯ ಮೊದಲ ಭಾಗ, ಅಂದರೆ ಇಲ್ಲಿನ ನ್ಯಾಯಾಲಯಗಳಿಗೆ ಮಧ್ಯಪ್ರವೇಶದ ಅಧಿಕಾರ ಕೊಡುವ ಭಾಗ, ಅನ್ವಯಿಸದು ಎಂದಿತು. 2015ರ ತಿದ್ದುಪಡಿ ಇದನ್ನು ತುಸು ಸಡಿಲಿಸಿ, ಅಂಥ ಸಂದರ್ಭದಲ್ಲೂ ತಾತ್ಕಾಲಿಕ ರಕ್ಷಣೆಗಾಗಿ 9ನೇ ಕಲಮಿನಡಿ ಇಲ್ಲಿನ ನ್ಯಾಯಾಲಯಕ್ಕೆ ಹೋಗಲು ಅವಕಾಶ ಕೊಟ್ಟಿತು. ನನ್ನ ಅಭಿಪ್ರಾಯ ಇದು: ಖರೀದಿದಾರ ಯುರೋಪಿನವನು, ಮೊತ್ತ ದೊಡ್ಡದು ಎಂದಾದರೆ ಸಿಂಗಪುರ ಇಬ್ಬರಿಗೂ ಒಪ್ಪಿತವಾಗುವ ಸೀಟ್. 1991ರಲ್ಲಿ ಶುರುವಾದ ಅಲ್ಲಿನ ಅಂತಾರಾಷ್ಟ್ರೀಯ ಆರ್ಬಿಟ್ರೇಷನ್ ಕೇಂದ್ರ ಎಸ್‌ಐಎಸಿಯಲ್ಲಿ ಭಾರತದ ಪಕ್ಷಗಾರರು ಬಹಳ ಹಿಂದಿನಿಂದಲೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಮೊತ್ತ ಸಣ್ಣದಾಗಿದ್ದು ಖರೀದಿದಾರ ಬಗ್ಗುವವನಾದರೆ ಬೆಂಗಳೂರನ್ನೇ ಸೀಟ್ ಮಾಡಿ. ರೇಸ್‌ಕೋರ್ಸ್ ರಸ್ತೆಯ ಖನಿಜ ಭವನದಲ್ಲಿ ಹೈಕೋರ್ಟಿನ ಆಶ್ರಯದ ಆರ್ಬಿಟ್ರೇಷನ್ ಕೇಂದ್ರವೇ ಇದೆ.

ಸಂಸ್ಥೆಯ ಹೆಸರನ್ನು ಅದರ ಜಾಲತಾಣದಲ್ಲಿರುವಂತೆಯೇ ನಕಲು ಮಾಡಿ. ನನ್ನ ಕೈಗೆ ಬಂದ ಒಂದು ಕರಾರಿನಲ್ಲಿ ಎರಡು ಬೇರೆ ಸಂಸ್ಥೆಗಳ ಹೆಸರನ್ನು ಬೆಸೆದು ಜಗತ್ತಿನಲ್ಲೇ ಇಲ್ಲದ ಮೂರನೆಯದೊಂದನ್ನು ಸೃಷ್ಟಿಸಿದ್ದರು. ಸಹಿಯಾಗಿ ನಾಲ್ಕು ವರ್ಷವಾದರೂ ಯಾರೂ ಗಮನಿಸಿರಲಿಲ್ಲ. ಹಳೆಯ ಷರತ್ತುಗಳನ್ನೂ ಆಗಾಗ ತೆಗೆದು ನೋಡುತ್ತಿರಬೇಕು. ದುಬೈಯ ಡಿಐಎಫ್‌ಸಿ-ಎಲ್‌ಸಿಐಎ ಆರ್ಬಿಟ್ರೇಷನ್ ಕೇಂದ್ರವನ್ನು 2021ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರ್ಕಾರ ಆದೇಶವೊಂದರಿಂದ ರದ್ದುಮಾಡಿ ಡಿಐಎಸಿ ಎಂಬ ಅಲ್ಲಿನ ಇನ್ನೊಂದು ಕೇಂದ್ರದೊಳಗೆ ಸೇರಿಸಿತು. ಕೊಲ್ಲಿಯಲ್ಲಿ ವ್ಯವಹಾರವಿರುವ ನಮ್ಮ ಕರಾವಳಿಯವರ ಕರಾರುಗಳಲ್ಲಿ ಆ ಹಳೆಯ ಹೆಸರು ಈಗಲೂ ಉಳಿದಿರಬಹುದು.

ಕರಾರು ಇಂಗ್ಲಿಷಿನಲ್ಲೇ ಇರುತ್ತದೆ. ಒಳ್ಳೆಯ ಷರತ್ತಿನ ಸಾರ ಕನ್ನಡದಲ್ಲಿ ಹೀಗಿರುತ್ತದೆ: ‘ಈ ಕರಾರಿನಿಂದ ಅಥವಾ ಇದಕ್ಕೆ ಸಂಬಂಧಿಸಿದಂತೆ ಏಳುವ, ಕರಾರಿನ ಅಸ್ತಿತ್ವ, ಸಿಂಧುತ್ವ ಮತ್ತು ಅಂತ್ಯದ ಪ್ರಶ್ನೆಗಳೂ ಸೇರಿದಂತೆ ಎಲ್ಲ ವ್ಯಾಜ್ಯಗಳು ಇಂಥ ಸಂಸ್ಥೆಯ, ಆರ್ಬಿಟ್ರೇಷನ್ ಶುರುವಾದ ದಿನ ಚಾಲ್ತಿಯಲ್ಲಿರುವ ನಿಯಮಗಳಂತೆ ಆರ್ಬಿಟ್ರೇಷನ್ ಮೂಲಕ ಅಂತಿಮವಾಗಿ ಇತ್ಯರ್ಥವಾಗತಕ್ಕದ್ದು. ಸೀಟ್ ಸಿಂಗಪುರ. ಆರ್ಬಿಟ್ರೇಟರ್ ಒಬ್ಬರು. ಭಾಷೆ ಇಂಗ್ಲಿಷ್. ಈ ಆರ್ಬಿಟ್ರೇಷನ್ ಒಪ್ಪಂದಕ್ಕೆ ಸಿಂಗಪುರದ ಕಾನೂನು ಅನ್ವಯ.’ ಕೊನೆಯ ವಾಕ್ಯವನ್ನು ಹೆಚ್ಚಿನವರು ಬಿಡುತ್ತಾರೆ. ಕರಾರಿಗೆ ಒಂದು ದೇಶದ ಕಾನೂನು, ಸೀಟ್ ಇನ್ನೊಂದು ದೇಶದಲ್ಲಿ ಎಂದಾದಾಗ ಆರ್ಬಿಟ್ರೇಷನ್ ಒಪ್ಪಂದಕ್ಕೆ ಯಾವುದು ಎಂಬ ಪ್ರಶ್ನೆ ಇಂಗ್ಲೆಂಡಿನಲ್ಲಿ ಎಷ್ಟು ಕಾಡಿತೆಂದರೆ, 2025ರ ಹೊಸ ಕಾಯ್ದೆಯಲ್ಲಿ, ಬೇರೆ ಏನೂ ಹೇಳದಿದ್ದರೆ ಸೀಟಿನ ಕಾನೂನೇ ಅನ್ವಯ ಎಂದು ಬರೆಯಬೇಕಾಯಿತು.

ಆರ್ಬಿಟ್ರೇಟರ್ ಒಬ್ಬರೋ ಮೂವರೋ ಎಂಬುದು ನೇರವಾಗಿ ದುಡ್ಡಿನ ಪ್ರಶ್ನೆ. ಹತ್ತಿಪ್ಪತ್ತು ಕೋಟಿಯೊಳಗಿನ ವ್ಯವಹಾರಕ್ಕೆ ಒಬ್ಬರೇ ಸಾಕು. ಐಸಿಸಿಯಲ್ಲಿ ಅರ್ಜಿ ಸಲ್ಲಿಸಲು ಕಟ್ಟುವ 5,000 ಡಾಲರ್ ವಾಪಸು ಬರುವುದಿಲ್ಲ, ಆರ್ಬಿಟ್ರೇಟರ್ ಶುಲ್ಕ, ವಕೀಲರ ಶುಲ್ಕ ಬೇರೆ. 2021ರಿಂದೀಚಿನ ಒಪ್ಪಂದಗಳಲ್ಲಿ 30 ಲಕ್ಷ ಡಾಲರ್ ಮೀರದ ವ್ಯಾಜ್ಯಗಳಿಗೆ ಐಸಿಸಿಯ ತ್ವರಿತ ವಿಧಾನ ತಾನಾಗಿ ಅನ್ವಯಿಸುತ್ತದೆ. ಎಸ್‌ಐಎಸಿಯ 2025ರ ನಿಯಮಗಳಲ್ಲಿ 10 ಲಕ್ಷ ಸಿಂಗಪುರ ಡಾಲರ್ ಮೀರದ ವ್ಯಾಜ್ಯಗಳಿಗೆ ಇನ್ನೂ ಸರಳವಾದ ವಿಧಾನವೊಂದಿದೆ. ಖರೀದಿದಾರನ ನಮೂನೆಯಲ್ಲಿ ‘ಆರ್ಬಿಟ್ರೇಟರನ್ನು ನಮ್ಮ ವ್ಯವಸ್ಥಾಪಕ ನಿರ್ದೇಶಕರೇ ನೇಮಿಸುತ್ತಾರೆ’ ಎಂದಿದ್ದರೆ ಅದನ್ನು ಹೊಡೆದುಹಾಕಿಸಿ. ಭಾರತ ಸೀಟ್ ಆಗಿರುವಾಗ ಇಂಥ ಏಕಪಕ್ಷೀಯ ನೇಮಕ ನಿಲ್ಲದು ಎಂದು ಸುಪ್ರೀಂ ಕೋರ್ಟ್ 2019ರಿಂದ ಹೇಳುತ್ತಾ ಬಂದಿದೆ.

ಹಂತ 6: ಕಾಗದ ಪತ್ರ

ನಿಮ್ಮ ಕೊಟೇಷನ್ನಿನ ಹಿಂಬದಿಯಲ್ಲಿ ನಿಮ್ಮ ಷರತ್ತುಗಳು, ಅವರ ಪರ್ಚೇಸ್ ಆರ್ಡರಿನ ಕೆಳಗೆ ಅವರ ಷರತ್ತುಗಳು. ಇವೆರಡರಲ್ಲಿ ಯಾವುದು ಮೇಲು ಎಂಬುದನ್ನು ಸಹಿಯಾದ ಒಂದೇ ದಾಖಲೆಯಲ್ಲಿ ತೀರ್ಮಾನಿಸಿ. ಕರಾರಿಗೆ ಕರ್ನಾಟಕದ ಮುದ್ರಾಂಕ ಶುಲ್ಕ ಕಟ್ಟಿ. ಕಟ್ಟದಿದ್ದರೆ ಆರ್ಬಿಟ್ರೇಷನ್ ಒಪ್ಪಂದ ಅಸಿಂಧುವಾಗುವುದಿಲ್ಲ, ಅದು ಸರಿಪಡಿಸಬಹುದಾದ ದೋಷ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2023ರ ಡಿಸೆಂಬರಿನಲ್ಲಿ ಹೇಳಿದೆ ನಿಜ, ಆದರೂ ಎದುರು ಪಕ್ಷದ ಕೈಗೆ ಒಂದು ತಕರಾರನ್ನು ಸುಮ್ಮನೆ ಕೊಡುವುದೇಕೆ? ವಾಟ್ಸ್ಆ್ಯಪ್ ಸಂದೇಶಗಳನ್ನು ಅಳಿಸಬೇಡಿ. ಸಿಬ್ಬಂದಿ ಕೆಲಸ ಬಿಡುವಾಗ ಫೋನಿನ ಜೊತೆ ವ್ಯವಹಾರದ ಅರ್ಧ ಸಾಕ್ಷ್ಯವೂ ಹೊರಟುಹೋಗುತ್ತದೆ. ಭಾರತದ ನ್ಯಾಯಾಲಯದಲ್ಲಿ ಇವನ್ನು ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು.

ಹಂತ 7: ತಕರಾರಿನ ಇಮೇಲ್ ಬಂದ ದಿನ

ಮತ್ತೆ ಟ್ರಿಯೆಸ್ತೆಯ ಆ ಎರಡು ಸಾಲಿಗೆ ಬರೋಣ. ಸಂಬಂಧ ಕೆಡದಿರಲೆಂದು ನಮ್ಮವರು ಕೂಡಲೇ ‘ತೊಂದರೆಯಾದದ್ದಕ್ಕೆ ವಿಷಾದಿಸುತ್ತೇವೆ, ಪರಿಶೀಲಿಸಿ ಸರಿಪಡಿಸುತ್ತೇವೆ’ ಎಂದು ಬರೆದುಬಿಡುತ್ತಾರೆ. ಆರ್ಬಿಟ್ರೇಷನ್ನಿನಲ್ಲಿ ಎದುರು ವಕೀಲರು ಮೊದಲು ಮುಂದಿಡುವ ಕಾಗದ ಅದೇ. ಬರೆಯಬೇಕಾದದ್ದು ಇಷ್ಟು: ನಿಮ್ಮ ತಕರಾರು ತಲುಪಿದೆ, ನಾವು ಅದನ್ನು ಒಪ್ಪಿಲ್ಲ, ಕರಾರಿನಡಿಯ ನಮ್ಮ ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿಕೊಂಡಿದ್ದೇವೆ, ಯಾವ ಚೀಲಗಳಿಂದ ಯಾವ ದಿನ ಮಾದರಿ ತೆಗೆದಿರಿ, ಪರೀಕ್ಷಾ ವರದಿ ಕಳಿಸಿ, ಸರಕನ್ನು ಬೇರೆಡೆ ಸಾಗಿಸದೆ ಜಂಟಿ ತಪಾಸಣೆಗೆ ಅವಕಾಶ ಕೊಡಿ. ಅದೇ ವಾರದಲ್ಲಿ ಅಲ್ಲಿನ ಸ್ವತಂತ್ರ ಸರ್ವೇಯರನ್ನು ನೇಮಿಸಿ. ಕಾಫಿ ಹುರಿದು ಮಾರಾಟವಾದ ಮೇಲೆ ತೇವಾಂಶವನ್ನು ಯಾರೂ ಅಳೆಯಲಾರರು. ವಿಮಾ ಸಂಸ್ಥೆಗೂ ಬ್ಯಾಂಕಿಗೂ ಅವರವರ ಗಡುವಿನೊಳಗೆ ತಿಳಿಸಿ.

ಕಾಲಮಿತಿಯನ್ನು ಅದೇ ದಿನ ಕ್ಯಾಲೆಂಡರಿನಲ್ಲಿ ಗುರುತಿಸಿ. ಭಾರತದ ಕಾನೂನು ಅನ್ವಯಿಸುವಲ್ಲಿ ಹಣದ ಬಾಕಿಗೆ ಮೂರು ವರ್ಷ. 1996ರ ಕಾಯ್ದೆಯ 21ನೇ ಕಲಮಿನ ಪ್ರಕಾರ ಆರ್ಬಿಟ್ರೇಷನ್ ಶುರುವಾಗುವುದು ಎದುರು ಪಕ್ಷಕ್ಕೆ ನಿಮ್ಮ ಕೋರಿಕೆಯ ನೋಟಿಸು ತಲುಪಿದ ದಿನ. ‘ಹಣ ಕಳಿಸಿ’ ಎಂಬ ಸಾದಾ ಜ್ಞಾಪನಾ ಪತ್ರಗಳಿಂದ ಗಡಿಯಾರ ನಿಲ್ಲುವುದಿಲ್ಲ. ಖರೀದಿದಾರ ಭಾರತದಲ್ಲಿರುವ ಆಸ್ತಿಯನ್ನು ಸಾಗಿಸುವ ಭಯವಿದ್ದರೆ 9ನೇ ಕಲಮಿನಡಿ ತಡೆಯಾಜ್ಞೆ ಪಡೆಯಿರಿ, ಆದೇಶ ಬಂದ 90 ದಿನದೊಳಗೆ ಆರ್ಬಿಟ್ರೇಷನ್ ಆರಂಭಿಸಿ. ಸಂಸ್ಥೆಯ ನಿಯಮದಡಿ, ಟ್ರಿಬ್ಯುನಲ್ ರಚನೆಗೆ ಮುಂಚೆಯೇ ತಾತ್ಕಾಲಿಕ ಆದೇಶ ಕೊಡುವ ತುರ್ತು ಆರ್ಬಿಟ್ರೇಟರ್ ಎಂಬ ವ್ಯವಸ್ಥೆಯೂ ಇದೆ. ಭಾರತ ಸೀಟ್ ಆಗಿರುವಲ್ಲಿ ಅಂಥವರ ಆದೇಶ ಜಾರಿಯೋಗ್ಯ ಎಂದು 2021ರ ಅಮೆಜಾನ್–ಫ್ಯೂಚರ್ ತೀರ್ಪು ಹೇಳಿದೆ.

ಹಂತ 8: ರಾಜಿಗೆ ಒಂದು ಗಡುವು

ಶೇ. 18ರ ಕಡಿತಕ್ಕೆ ಬೇಡಿಕೆ ಬಂದಿರುವಾಗ ಶೇ. 6ಕ್ಕೆ ಮುಗಿಸುವುದು ಎಷ್ಟೋ ಸಲ ಸರಿಯಾದ ಲೆಕ್ಕಾಚಾರ. ಮೀಡಿಯೇಷನ್ ಷರತ್ತಿದ್ದರೆ ದಿನಗಳ ಮಿತಿ ಇರಲಿ: ನೋಟಿಸಿನಿಂದ 30 ದಿನದಲ್ಲಿ ರಾಜಿಯಾಗದಿದ್ದರೆ ಆರ್ಬಿಟ್ರೇಷನ್. ‘ಸೌಹಾರ್ದದಿಂದ ಬಗೆಹರಿಸಿಕೊಳ್ಳತಕ್ಕದ್ದು’ ಎಂದಷ್ಟೇ ಇದ್ದರೆ, ಸೌಹಾರ್ದದ ಯತ್ನ ಇನ್ನೂ ಮುಗಿದಿಲ್ಲ ಎಂದು ಎದುರಿನವರು ವರ್ಷಗಟ್ಟಲೆ ಎಳೆಯಬಹುದು. ರಾಜಿಯ ಪತ್ರಗಳ ತಲೆಯ ಮೇಲೆ ಹಕ್ಕಿಗೆ ಬಾಧಕವಿಲ್ಲದೆ ಎಂಬರ್ಥದ ಒಕ್ಕಣೆ ಇರಲಿ. ಆರ್ಬಿಟ್ರೇಷನ್ ಷರತ್ತಿಲ್ಲದೆ ವಾಣಿಜ್ಯ ನ್ಯಾಯಾಲಯಕ್ಕೆ ಹೋಗುವವರಿಗೆ, ತುರ್ತು ಪರಿಹಾರ ಬೇಕಿಲ್ಲದಿದ್ದರೆ, ದಾವೆಗೆ ಮೊದಲು ಮೀಡಿಯೇಷನ್ ಕಡ್ಡಾಯ. ಅದಿಲ್ಲದೆ ಹೂಡಿದ ದಾವೆ ತಿರಸ್ಕೃತವಾಗುತ್ತದೆ ಎಂಬುದು 2022ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗಿದೆ. ಗಡಿಯಾಚೆಯ ರಾಜಿ ಒಪ್ಪಂದಗಳ ಜಾರಿಗಾಗಿ ಇರುವ ಸಿಂಗಪುರ ಒಡಂಬಡಿಕೆಗೆ ಭಾರತ 2019ರ ಆಗಸ್ಟ್ 7ರಂದು ಸಹಿ ಹಾಕಿತಾದರೂ ಅನುಮೋದನೆಗೆ ಅವಸರ ತೋರಿಲ್ಲ. ಹೀಗಾಗಿ ದೊಡ್ಡ ಮೊತ್ತದ ರಾಜಿಯಾದರೆ, ಆರ್ಬಿಟ್ರೇಷನ್ ಶುರುಮಾಡಿ ರಾಜಿಯನ್ನೇ ಐತೀರ್ಪಾಗಿ ದಾಖಲಿಸಿಕೊಳ್ಳುವುದು ಕ್ಷೇಮ.

ಹಂತ 9: ಐತೀರ್ಪಿನಿಂದ ಬ್ಯಾಂಕ್ ಖಾತೆಗೆ

ಐತೀರ್ಪು ಬಂದ ಮೇಲೆ ಖರೀದಿದಾರನ ಆಸ್ತಿಯಿರುವ ದೇಶದ ವಕೀಲರ ಮೂಲಕ ಅಲ್ಲಿನ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ದೃಢೀಕೃತ ಐತೀರ್ಪು, ಮೂಲ ಆರ್ಬಿಟ್ರೇಷನ್ ಒಪ್ಪಂದ, ಬೇಕಿದ್ದರೆ ಆ ದೇಶದ ಭಾಷೆಗೆ ಅಧಿಕೃತ ಅನುವಾದ, ಇವಿಷ್ಟು ಮುಖ್ಯ. ಸೀಟ್ ಭಾರತದಲ್ಲಿದ್ದರೆ ಸೋತವರಿಗೆ 34ನೇ ಕಲಮಿನಡಿ ಐತೀರ್ಪನ್ನು ಪ್ರಶ್ನಿಸಲು ಮೂರು ತಿಂಗಳು, ತಕ್ಕ ಕಾರಣವಿದ್ದರೆ ಮತ್ತೆ 30 ದಿನ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ.

ತಿರುಗಿ ನಿಮ್ಮ ಮೇಲೆಯೇ ಹೊರದೇಶದ ಐತೀರ್ಪು ಬಂದರೆ ಅದರ ಜಾರಿಯ ಅರ್ಜಿ ನೇರವಾಗಿ ಕರ್ನಾಟಕ ಹೈಕೋರ್ಟಿಗೆ ಬರುತ್ತದೆ. ಅದನ್ನು ತಡೆಯಲು 48ನೇ ಕಲಮಿನಲ್ಲಿರುವ ಕಾರಣಗಳು ಬಹಳ ಕಿರಿದು: ನೋಟಿಸು ತಲುಪದಿರುವುದು, ವಾದಿಸಲು ಅವಕಾಶ ಸಿಗದಿರುವುದು, ಟ್ರಿಬ್ಯುನಲ್ ತನ್ನ ವ್ಯಾಪ್ತಿ ಮೀರಿರುವುದು, ಸಾರ್ವಜನಿಕ ನೀತಿಗೆ ವಿರುದ್ಧವಾಗಿರುವುದು ಇತ್ಯಾದಿ. 2020ರ ವಿಜಯ್ ಕಾರಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಗೆ ಯೋಗ್ಯವಲ್ಲದ ಆಕ್ಷೇಪಗಳನ್ನು ತಂದವರಿಗೆ 50 ಲಕ್ಷ ರೂಪಾಯಿ ವೆಚ್ಚ ವಿಧಿಸಿತು. ‘ಅಲ್ಲಿ ಏನೇ ಆಗಲಿ, ಇಲ್ಲಿ ನೋಡಿಕೊಳ್ಳೋಣ’ ಎಂದು ಸಿಂಗಪುರದ ನೋಟಿಸಿಗೆ ಉತ್ತರಿಸದೆ ಕೂರುವ ಚಾಳಿ ಇರುವವರು ಇದನ್ನು ನೆನಪಿಡಬೇಕು. ಇಂಥ ಜಾರಿ ಅರ್ಜಿಗೆ ಮೂರು ವರ್ಷದ ಕಾಲಮಿತಿ ಎಂಬುದೂ 2020ರಲ್ಲೇ ಇತ್ಯರ್ಥವಾಗಿದೆ.

ಹಣ ಬಂದ ಮೇಲೂ ಒಂದು ಕೆಲಸ ಬಾಕಿಯಿರುತ್ತದೆ. ರಫ್ತಿನ ಹಣ ತರಿಸಿಕೊಳ್ಳಲು ಬಹುಕಾಲ ಒಂಬತ್ತು ತಿಂಗಳಿದ್ದ ಅವಧಿಯನ್ನು ರಿಸರ್ವ್ ಬ್ಯಾಂಕ್ 2025ರ ನವೆಂಬರಿನಲ್ಲಿ ಹದಿನೈದು ತಿಂಗಳಿಗೆ ಏರಿಸಿತು. ಆರ್ಬಿಟ್ರೇಷನ್ ಅದನ್ನೂ ಮೀರುವಂತಿದ್ದರೆ ಗಡುವಿಗೆ ಮುಂಚೆಯೇ ನೋಟಿಸಿನ ಪ್ರತಿಯೊಡನೆ ನಿಮ್ಮ ಬ್ಯಾಂಕಿನಿಂದ ವಿಸ್ತರಣೆ ಕೇಳಿ. ಶೇ. 6 ಬಿಟ್ಟುಕೊಟ್ಟು ರಾಜಿಯಾಗಿದ್ದರೆ ಆ ಕೊರತೆಗೆ ಐತೀರ್ಪಿನ ಅಥವಾ ರಾಜಿ ಪತ್ರದ ಪ್ರತಿ ಲಗತ್ತಿಸಿ ಬ್ಯಾಂಕಿನ ಅನುಮತಿ ಪಡೆಯಬೇಕು. ಅಲ್ಲಿಯತನಕ, ರಫ್ತಿನ ಹಣ ಬಂತೇ ಎಂದು ನಿಗಾ ಇಡುವ ರಿಸರ್ವ್ ಬ್ಯಾಂಕಿನ ಇಡಿಪಿಎಂಎಸ್ ವ್ಯವಸ್ಥೆಯಲ್ಲಿ ಆ 320 ಚೀಲಗಳ ಶಿಪ್ಪಿಂಗ್ ಬಿಲ್ ಬಾಕಿ ಎಂದೇ ತೋರಿಸುತ್ತಿರುತ್ತದೆ.